ಪಾರ್ಟಿಷನ್ ಬದಲಿಸಿದ ಮೇಲೆ ಲ್ಯಾಪ್‌ಟಾಪ್ ಬೂಟ್ ಆಗ್ತಿಲ್ವಾ? ಫಾರ್ಮ್ಯಾಟ್ ಹೊಡೆಯೋ ಮೊದಲು ಇಷ್ಟು ಓದಿ

ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲೇ ಪಕ್ಕಕ್ಕೆ ಉಬುಂಟು ಹಾಕಿಕೊಂಡವರಿಗೆ ಒಂದಲ್ಲ ಒಂದು ದಿನ ಜಾಗದ ತಾಪತ್ರಯ ಶುರುವಾಗುತ್ತದೆ. ಎರಡನೇ ಸೆಮಿಸ್ಟರಿನಲ್ಲಿ 50 ಜಿಬಿ ಧಾರಾಳ ಅನ್ನಿಸಿರುತ್ತದೆ. ಐದನೇ ಸೆಮಿಸ್ಟರಿಗೆ ಬರುವಷ್ಟರಲ್ಲಿ ಡಾಕರ್ ಇಮೇಜುಗಳು, ಲ್ಯಾಬಿನ ಡೇಟಾಸೆಟ್ಟುಗಳು, ಎರಡು ಮೂರು ಪೈಥಾನ್ ಎನ್ವಿರಾನ್‌ಮೆಂಟುಗಳು ಸೇರಿ ಡಿಸ್ಕು ಉಸಿರುಗಟ್ಟುತ್ತದೆ. ಆಗ ಸಿ ಡ್ರೈವಿನಿಂದ ಒಂದಿಷ್ಟು ಕಿತ್ತು ಉಬುಂಟುಗೆ ಕೊಡೋಣ, ಇಲ್ಲವೇ ಉಬುಂಟುವಿನಿಂದ ಕಿತ್ತು ವಿಂಡೋಸಿಗೆ ಕೊಡೋಣ ಎಂಬ ಯೋಚನೆ ಬರುತ್ತದೆ. ರೀಸೈಜ್ ಮಾಡಿ, ರೀಸ್ಟಾರ್ಟ್ ಒತ್ತಿ ನೋಡಿದರೆ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದ ಒಂದು ಸಾಲು.

ಅಷ್ಟೊತ್ತಿಗೆ ಪಕ್ಕದ ರೂಮಿನಿಂದ ಯಾರಾದರೂ ಬಂದು "ಫಾರ್ಮ್ಯಾಟ್ ಹೊಡಿ ಗುರೂ, ಅರ್ಧ ಗಂಟೆ ಕೆಲಸ" ಅಂದಿರುತ್ತಾರೆ. ಈ ಲೇಖನ ಬರೆಯುತ್ತಿರುವುದೇ ಆ ಸಲಹೆಯನ್ನು ತಡೆಯಲಿಕ್ಕೆ. ರೀಸೈಜ್ ಆದ ಮೇಲೆ ಬೂಟ್ ಆಗದ ಮೆಷಿನ್ನುಗಳಲ್ಲಿ ಬಹಳಷ್ಟು ಸಲ ಫೈಲುಗಳು ಇದ್ದಲ್ಲೇ ಇರುತ್ತವೆ. ಕೆಟ್ಟಿರುವುದು ಅವು ಎಲ್ಲಿವೆ ಎಂದು ಹೇಳುವ ವಿಳಾಸ. ವಿಳಾಸವನ್ನು ಸರಿಮಾಡಬಹುದು. ಫಾರ್ಮ್ಯಾಟ್ ಆದ ಮೇಲೆ ಸರಿಮಾಡಲು ಏನೂ ಉಳಿಯದೆ ಹೋಗಬಹುದು. ಅದರಲ್ಲೂ ಈಗಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಎಸ್‌ಎಸ್‌ಡಿ. ಹಳೇ ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಒಳಗಿನ ಡೇಟಾ ಸುಮಾರಾಗಿ ಹಾಗೇ ಉಳಿಯುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಮಾಡುವಾಗ ವಿಂಡೋಸೂ ಲಿನಕ್ಸೂ ಡಿಸ್ಕಿಗೆ ಟ್ರಿಮ್ ಎಂಬ ಸೂಚನೆ ಕಳಿಸುತ್ತವೆ, ಅಂದರೆ "ಈ ಬ್ಲಾಕುಗಳು ಇನ್ನು ಬೇಡ" ಅಂತ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಓಡಿಸಿದರೂ ಸಾಮಾನ್ಯವಾಗಿ ಸಿಗುವುದು ಸೊನ್ನೆಗಳೇ.

ಹಾಗಾಗಿ ಮೊದಲ ಕೆಲಸ ಏನೂ ಮಾಡದಿರುವುದು. ಪರದೆಯ ಮೇಲಿನ ಸಾಲನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಪವರ್ ಬಟನ್ ಒತ್ತಿ ಆಫ್ ಮಾಡಿ. ಬೇರೆಯವರ ಲ್ಯಾಪ್‌ಟಾಪಿನಲ್ಲಿ ಒಂದು ಉಬುಂಟು ಲೈವ್ ಪೆನ್‌ಡ್ರೈವ್ ಮಾಡಿಕೊಳ್ಳಿ. ಅದರಿಂದ ಬೂಟ್ ಮಾಡಿದಾಗ "ಟ್ರೈ ಉಬುಂಟು" ಆಯ್ದುಕೊಳ್ಳಿ, ಇನ್‌ಸ್ಟಾಲ್ ಅಲ್ಲ.

ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಉಚ್ಚರಿಸುವ ಹಾಗೆ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು, ಟರ್ಮಿನಲ್ಲಿಗೆ ಇನ್ನೂ ಕನ್ನಡ ಬರೋದಿಲ್ಲ!

ಪಹಣಿ ಬೇರೆ, ತೋಟ ಬೇರೆ

ಪಾರ್ಟಿಷನ್ ಮತ್ತು ಫೈಲ್ ಸಿಸ್ಟಮ್ ಎರಡೂ ಒಂದೇ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅರ್ಧ ಗೊಂದಲ ಹುಟ್ಟೋದೇ ಇಲ್ಲಿಂದ. ಪಾರ್ಟಿಷನ್ ಟೇಬಲ್ ಅನ್ನುವುದು ಊರಿನ ಪಹಣಿ ಇದ್ದ ಹಾಗೆ. ಇಷ್ಟನೇ ಸೆಕ್ಟರಿನಿಂದ ಇಷ್ಟನೇ ಸೆಕ್ಟರಿನವರೆಗೆ ಐದನೇ ಪಾರ್ಟಿಷನ್, ಅದರ ಜಾತಿ ಇದು ಎಂದು ಬರೆದಿಟ್ಟ ದಾಖಲೆ, ಅಷ್ಟೇ. ಫೈಲ್ ಸಿಸ್ಟಮ್ ಅಂದರೆ ಆ ಜಮೀನಿನೊಳಗಿನ ತೋಟ. ಎಲ್ಲಿ ಯಾವ ಸಾಲು, ಯಾವ ಸಾಲಿನಲ್ಲಿ ಎಷ್ಟು ಅಡಿಕೆ ಮರ ಅನ್ನುವ ಲೆಕ್ಕ ಅದರೊಳಗೇ ಇರುತ್ತದೆ. ಪಹಣಿಯಲ್ಲಿ ತಪ್ಪು ನಮೂದಾದರೆ ಮರಗಳೇನೂ ಮಾಯವಾಗುವುದಿಲ್ಲ. ಆದರೆ ಪಹಣಿ ನಂಬಿಕೊಂಡು ಬಂದವನಿಗೆ ತೋಟದ ಬಾಗಿಲು ಸಿಗುವುದಿಲ್ಲ.

ಹಳೇ ಎಂಬಿಆರ್ ಪದ್ಧತಿಯಲ್ಲಿ ಈ ಪಹಣಿ ಡಿಸ್ಕಿನ ಮೊದಲ 512 ಬೈಟುಗಳಲ್ಲೇ ಮುಗಿಯುತ್ತದೆ. ಅದರಲ್ಲೂ 446 ಬೈಟು ಬೂಟ್ ಕೋಡಿಗೆ, 64 ಬೈಟು ನಾಲ್ಕು ಪಾರ್ಟಿಷನ್ನುಗಳಿಗೆ, ಉಳಿದ ಎರಡು ಬೈಟು ಸಹಿಗೆ. ಈಗಿನ ಜಿಪಿಟಿ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ಪಾರ್ಟಿಷನ್ನುಗಳಿಗೆ ಜಾಗ ಇದೆ, ಡಿಸ್ಕಿನ ಕೊನೆಯಲ್ಲಿ ಇನ್ನೊಂದು ಪ್ರತಿಯೂ ಇರುತ್ತದೆ. ಆ ಎರಡನೇ ಪ್ರತಿ ನಮ್ಮನ್ನು ಕಾಪಾಡುತ್ತದೆ ಅಂತ ಇಲ್ಲಿ ಭರವಸೆ ಇಡಬೇಡಿ. ರೀಸೈಜ್ ಮಾಡುವ ಟೂಲ್ ಎರಡೂ ಕಡೆ ಹೊಸ ಲೆಕ್ಕವನ್ನೇ ಬರೆದಿರುತ್ತದೆ. ಮೊದಲ ಪ್ರತಿ ಕೆಟ್ಟುಹೋದಾಗ ಮಾತ್ರ ಅದರಿಂದ ಉಪಯೋಗ.

ಎರಡೂ ಬೇರೆ ಬೇರೆ ಆದ್ದರಿಂದ ರೀಸೈಜಿಗೆ ಒಂದು ಕ್ರಮ ಇದೆ. ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಮ್, ಆಮೇಲೆ ಪಾರ್ಟಿಷನ್. ಹಿಗ್ಗಿಸುವಾಗ ಮೊದಲು ಪಾರ್ಟಿಷನ್, ಆಮೇಲೆ ಫೈಲ್ ಸಿಸ್ಟಮ್. ಜಿಪಾರ್ಟೆಡ್‌ನಂಥ ಟೂಲು ಎರಡನ್ನೂ ತಾನೇ ಸರಿಯಾದ ಕ್ರಮದಲ್ಲಿ ಮಾಡುತ್ತದೆ. ಎಫ್‌ಡಿಸ್ಕ್ ಪಹಣಿಯನ್ನು ಮಾತ್ರ ತಿದ್ದುತ್ತದೆ, ತೋಟದ ಕಡೆ ತಿರುಗಿಯೂ ನೋಡುವುದಿಲ್ಲ.

ಎಲ್ಲಿ ನಿಂತಿದೆ ನೋಡಿ

ಬೂಟ್ ಆಗುವುದು ರಿಲೇ ಓಟದ ಹಾಗೆ. ಮದರ್‌ಬೋರ್ಡಿನ ಫರ್ಮ್‌ವೇರ್ ಮೊದಲು ಇಎಫ್‌ಐ ಪಾರ್ಟಿಷನ್ನಿಗೆ ಹೋಗುತ್ತದೆ. ಅದು ಫ್ಯಾಟ್32 ಇರುವ ಒಂದು ಪುಟ್ಟ ಪಾರ್ಟಿಷನ್. ಅಲ್ಲಿ ವಿಂಡೋಸಿನ ಬೂಟ್ ಮ್ಯಾನೇಜರ್ ಅಥವಾ ಉಬುಂಟುವಿನ ಗ್ರಬ್ ಇರುತ್ತದೆ. ಗ್ರಬ್ಬು ಕರ್ನಲ್ಲನ್ನೂ ಇನಿಟ್‌ರಾಮ್‌ಎಫ್‌ಎಸ್ಸನ್ನೂ ಮೆಮೊರಿಗೆ ತರುತ್ತದೆ. ಅವು ರೂಟ್ ಪಾರ್ಟಿಷನ್ನನ್ನು ಹುಡುಕಿ ಮೌಂಟ್ ಮಾಡುತ್ತವೆ. ಕೊನೆಗೆ ಎಫ್‌ಎಸ್‌ಟ್ಯಾಬ್ ಎಂಬ ಫೈಲು ಓದಿ ಉಳಿದ ಪಾರ್ಟಿಷನ್ನುಗಳು ಸೇರಿಕೊಳ್ಳುತ್ತವೆ. ಬ್ಯಾಟನ್ ಯಾರ ಕೈಯಲ್ಲಿ ಬಿತ್ತು ಅನ್ನುವುದನ್ನು ಪರದೆಯ ಸಾಲೇ ಹೇಳುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ ಅಂದಿದ್ದು ಅದಕ್ಕೇ.

ಬೂಟ್ ಮಾಡೋ ಡಿವೈಸೇ ಇಲ್ಲ ಎಂದರೆ ಇಎಫ್‌ಐ ಪಾರ್ಟಿಷನ್ ಅಳಿಸಿಹೋಗಿದೆ ಅಥವಾ ಫರ್ಮ್‌ವೇರಿನ ನೆನಪಿನಲ್ಲಿರುವ ನಮೂದು ಅದಕ್ಕೆ ಹೊಂದುತ್ತಿಲ್ಲ. ಗ್ರಬ್ ಎಂಬ ಪ್ರಾಂಪ್ಟು ಬಂದು ನಿಂತರೆ ಗ್ರಬ್ ಎದ್ದಿದೆ, ಆದರೆ ಅದರ ಕಾನ್ಫಿಗ್ ಫೈಲು ಇರುವ ಪಾರ್ಟಿಷನ್ ಸಿಕ್ಕಿಲ್ಲ. ಇನಿಟ್‌ರಾಮ್‌ಎಫ್‌ಎಸ್ ಎಂದು ಬ್ರಾಕೆಟ್ಟಿನಲ್ಲಿ ಬಂದರೆ ಕರ್ನಲ್ ಎದ್ದಿದೆ, ರೂಟ್ ಸಿಕ್ಕಿಲ್ಲ ಅಥವಾ ಮೌಂಟ್ ಆಗುತ್ತಿಲ್ಲ. ಒಂದೂವರೆ ನಿಮಿಷ ಕಾದು ಆಮೇಲೆ ಬೂಟ್ ಆದರೆ ಹೆದರಬೇಕಾದ್ದೇ ಇಲ್ಲ. ಅಳಿಸಿಹಾಕಿದ ಸ್ವಾಪ್ ಪಾರ್ಟಿಷನ್ನಿನ ಹೆಸರು ಇನ್ನೂ ಎಫ್‌ಎಸ್‌ಟ್ಯಾಬಿನಲ್ಲಿ ಉಳಿದಿರುತ್ತದೆ, ಸಿಸ್ಟಮ್‌ಡಿ ಅದಕ್ಕಾಗಿ 90 ಸೆಕೆಂಡು ಕಾಯುತ್ತಿರುತ್ತದೆ. ಆ ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿದರೆ ಮುಗಿಯಿತು.

ಇಪ್ಪತ್ತು ಜಿಬಿ ಕಳೆದುಕೊಂಡ ತೋಟ

ಈಗ ನಿಜವಾದ ಒಂದು ಕೇಸಿಗೆ ಬರೋಣ. ಹೋದ ಸೆಮಿಸ್ಟರಿನಲ್ಲಿ ಹಾಸ್ಟೆಲಿನ ಒಬ್ಬ ಗೆಳೆಯ ಲ್ಯಾಪ್‌ಟಾಪ್ ಹೊತ್ತುಕೊಂಡು ನಮ್ಮ ಹತ್ತಿರ ಬಂದ. ಫೈನಲ್ ಇಯರ್, ಪ್ರಾಜೆಕ್ಟ್ ವೈವಾಕ್ಕೆ ಹನ್ನೊಂದು ದಿನ. ಕೋಡ್ ಗಿಟ್‌ಹಬ್ಬಿನಲ್ಲಿ ಇತ್ತು, ಆದರೆ ಮೂರು ವಾರ ಹೊಲಗಳಲ್ಲಿ ಓಡಾಡಿ ಸೆನ್ಸರಿನಿಂದ ಸೇರಿಸಿದ ರೀಡಿಂಗುಗಳು ಉಬುಂಟುವಿನ ಹೋಮ್ ಫೋಲ್ಡರಿನಲ್ಲಿ ಮಾತ್ರ. ಉಬುಂಟುಗಿದ್ದ 100 ಜಿಬಿಯನ್ನು ಲೈವ್ ಪೆನ್‌ಡ್ರೈವಿನಿಂದ ಎಫ್‌ಡಿಸ್ಕ್ ಬಳಸಿ 80ಕ್ಕೆ ಇಳಿಸಿದ್ದ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮನ್ನು ಮೊದಲು ಕುಗ್ಗಿಸಿರಲಿಲ್ಲ. ಬಿಡುಗಡೆಯಾದ 20 ಜಿಬಿಯನ್ನು ವಿಂಡೋಸಿನ ಡ್ರೈವ್ ಮಾಡಬೇಕೆಂದಿದ್ದ, ಪುಣ್ಯಕ್ಕೆ ಇನ್ನೂ ಮಾಡಿರಲಿಲ್ಲ.

ಮೆಷಿನ್ನು ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟಿಗೆ ಬಂದು ನಿಂತಿತ್ತು. ಕರ್ನಲ್ಲಿನ ದೂರು ಸ್ಪಷ್ಟವಾಗಿತ್ತು: ಜ್ಯಾಮಿತಿ ಸರಿಯಿಲ್ಲ, ಬ್ಲಾಕುಗಳ ಲೆಕ್ಕ 26214400, ಡಿವೈಸಿನಲ್ಲಿ ಇರುವುದು 20971520. ಒಂದು ಬ್ಲಾಕಿಗೆ 4096 ಬೈಟು. ಗುಣಿಸಿ ನೋಡಿ, ಮೊದಲನೆಯದು ಸರಿಯಾಗಿ 100 ಜಿಬಿ, ಎರಡನೆಯದು 80. ತೋಟ ತನ್ನದು ನೂರು ಎಕರೆ ಅನ್ನುತ್ತಿದೆ, ಪಹಣಿ ಎಂಬತ್ತು ಅನ್ನುತ್ತಿದೆ.

ಇಲ್ಲೇ ಅಪಾಯ ಇರೋದು. ಯೂಟ್ಯೂಬ್ ನೋಡಿ ಎಫ್‌ಎಸ್‌ಸಿಕೆ ಓಡಿಸಿದರೆ ಅದು "ಸೂಪರ್‌ಬ್ಲಾಕ್ ಅಥವಾ ಪಾರ್ಟಿಷನ್ ಟೇಬಲ್ ಕೆಟ್ಟಿರಬಹುದು" ಎಂದು ಹೇಳಿ "ಅಬಾರ್ಟ್?" ಅಂತ ಕೇಳುತ್ತದೆ. ಅವಸರದಲ್ಲಿರುವವರು ಅಬಾರ್ಟ್ ಬೇಡ, ರಿಪೇರಿ ಮುಂದುವರಿಯಲಿ ಎಂದು ನೋ ಒತ್ತುತ್ತಾರೆ. ಒತ್ತಬೇಕಾದ್ದು ಯೆಸ್. ಕೊನೆಯ 20 ಜಿಬಿಯ ಬ್ಲಾಕುಗಳು ಕಣ್ಣಿಗೇ ಬೀಳದ ಸ್ಥಿತಿಯಲ್ಲಿ ರಿಪೇರಿ ಶುರುವಾದರೆ, ಅಲ್ಲಿ ತುಂಡು ಬಿದ್ದಿರುವ ಫೈಲುಗಳೆಲ್ಲ ಕೆಟ್ಟವು ಎಂದೇ ಅದು ತೀರ್ಮಾನಿಸಬಹುದು. ಕೆಟ್ಟಿರುವುದು ಪಹಣಿ ಆಗಿರುವಾಗ ತೋಟವನ್ನು ಕಡಿಯುವ ಹಾಗಾಯಿತು.

ಮಾಡಬೇಕಾಗಿದ್ದುದು ಕೂಡಿಸಿ ಕಳೆಯುವ ಲೆಕ್ಕ ಅಷ್ಟೇ. ಲೈವ್ ಪೆನ್‌ಡ್ರೈವಿನಲ್ಲಿ ಪಾರ್ಟೆಡ್ ತೆರೆದು, ಯೂನಿಟ್ಟನ್ನು ಸೆಕ್ಟರಿಗೆ ಬದಲಿಸಿ, ಟೇಬಲ್ಲನ್ನು ಪ್ರಿಂಟ್ ಮಾಡಿಸಿ ಅದರದ್ದೂ ಫೋಟೋ ತೆಗೆದೆವು. ಉಬುಂಟು ಪಾರ್ಟಿಷನ್ನಿನ ಆರಂಭ 411648000ನೇ ಸೆಕ್ಟರ್ ಎಂದಿಟ್ಟುಕೊಳ್ಳಿ. 100 ಜಿಬಿ ಎಂದರೆ 512 ಬೈಟಿನ ಸೆಕ್ಟರುಗಳ ಲೆಕ್ಕದಲ್ಲಿ 209715200. ಆರಂಭಕ್ಕೆ ಅದನ್ನು ಕೂಡಿಸಿ ಒಂದು ಕಳೆದರೆ 621363199. ಅದೇ ಹಳೆಯ ಬದು. ಪಾರ್ಟೆಡ್‌ನಲ್ಲಿ ರೀಸೈಜ್‌ಪಾರ್ಟ್ ಎಂಬ ಕಮಾಂಡ್ ಇದೆ. ಪಾರ್ಟಿಷನ್ ನಂಬರು ಮತ್ತು ಹೊಸ ಕೊನೆಯ ಸೆಕ್ಟರು ಕೊಟ್ಟರೆ ಅದು ಕೊನೆಯನ್ನು ಮಾತ್ರ ಬದಲಿಸುತ್ತದೆ, ಆರಂಭವನ್ನು ಮುಟ್ಟುವುದಿಲ್ಲ, ಒಳಗಿನ ಡೇಟಾವನ್ನೂ ಮುಟ್ಟುವುದಿಲ್ಲ. ಎಫ್‌ಡಿಸ್ಕಿನಲ್ಲೂ ಅಳಿಸಿ ಮತ್ತೆ ಬರೆಯಬಹುದು. ಆದರೆ ಆಗ ಅದು "ಇಲ್ಲಿ ಇಎಕ್ಸ್‌ಟಿ4 ಗುರುತು ಇದೆ, ತೆಗೆದುಹಾಕಲೇ?" ಅಂತ ಕೇಳುತ್ತದೆ. ಅಲ್ಲಿ ಯೆಸ್ ಅಂದರೆ ಕೆಲಸ ಕೆಟ್ಟಿತು. ಅದಕ್ಕೇ ನಮಗೆ ಪಾರ್ಟೆಡ್ ಮೇಲೇ ಹೆಚ್ಚು ನಂಬಿಕೆ.

ಬದು ಸರಿಯಾದ ಮೇಲೆ ಎಫ್‌ಎಸ್‌ಸಿಕೆಯನ್ನು ಮೊದಲು ಹೈಫನ್-ಎನ್ ಕೊಟ್ಟು ಓಡಿಸಿದೆವು. ಹಾಗೆ ಕೊಟ್ಟರೆ ಬರೀ ನೋಡುತ್ತದೆ, ಏನನ್ನೂ ಬರೆಯುವುದಿಲ್ಲ. ತಕರಾರು ಇರಲಿಲ್ಲ. ಓದುವುದಕ್ಕೆ ಮಾತ್ರ ಎಂದು ಮೌಂಟ್ ಮಾಡಿ, ರೀಡಿಂಗುಗಳ ಫೋಲ್ಡರನ್ನು ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿ, ಆ ಫೈಲುಗಳನ್ನು ಬೇರೆ ಮೆಷಿನ್ನಿನಲ್ಲಿ ತೆರೆದು ನೋಡಿದ ಮೇಲೇ ರೀಸ್ಟಾರ್ಟ್ ಮಾಡಿದ್ದು. ಬೂಟ್ ಮಾಡೋದು ಆಮೇಲೆ, ಮೊದಲು ಡೇಟಾ. ಆ ಖಾಲಿ 20 ಜಿಬಿಯಲ್ಲಿ ಹೊಸ ಡ್ರೈವ್ ಮಾಡಿ ಫಾರ್ಮ್ಯಾಟ್ ಹೊಡೆದಿದ್ದರೆ ಈ ಲೆಕ್ಕದಿಂದ ಏನೂ ಆಗುತ್ತಿರಲಿಲ್ಲ.

ಗ್ರಬ್ ದಾರಿ ತಪ್ಪಿದಾಗ

ಗ್ರಬ್ ಪ್ರಾಂಪ್ಟು ಬಂದರೆ ಅಲ್ಲಿಂದಲೇ ಒಂದು ಸಲ ಬೂಟ್ ಮಾಡಿಸಬಹುದು. ಎಲ್-ಎಸ್ ಎಂದು ಟೈಪ್ ಮಾಡಿದರೆ ಪಾರ್ಟಿಷನ್ನುಗಳ ಪಟ್ಟಿ ಬರುತ್ತದೆ: ಎಚ್‌ಡಿ0 ಕಾಮಾ ಜಿಪಿಟಿ1, ಜಿಪಿಟಿ2, ಹೀಗೆ. ಒಂದೊಂದನ್ನೂ ಎಲ್-ಎಸ್ ಮುಂದೆ ಬ್ರಾಕೆಟ್ಟಿನಲ್ಲಿ ಕೊಟ್ಟು, ಕೊನೆಗೊಂದು ಸ್ಲ್ಯಾಶ್ ಹಾಕಿ ಇಣುಕಿ ನೋಡಿ. ಬೂಟ್, ಹೋಮ್, ಇಟಿಸಿ ಫೋಲ್ಡರುಗಳು ಎಲ್ಲಿ ಕಾಣುತ್ತವೋ ಅದೇ ನಿಮ್ಮ ರೂಟ್. ಅದು ಜಿಪಿಟಿ5 ಆಗಿದ್ದರೆ ಕಾನ್ಫಿಗ್‌ಫೈಲ್ ಎಂಬ ಕಮಾಂಡಿಗೆ ಅದರೊಳಗಿನ ಬೂಟ್, ಗ್ರಬ್, ಗ್ರಬ್ ಡಾಟ್ ಸಿಎಫ್‌ಜಿ ಎಂಬ ದಾರಿ ಕೊಡಿ. ಮೆನು ಬರುತ್ತದೆ. ಪ್ರಾಂಪ್ಟಿನಲ್ಲಿ ಗ್ರಬ್ ರೆಸ್ಕ್ಯೂ ಎಂದಿದ್ದರೆ ಇಷ್ಟು ಸುಲಭ ಇಲ್ಲ, ಯಾಕೆಂದರೆ ಅಲ್ಲಿ ನಾರ್ಮಲ್ ಎಂಬ ಮಾಡ್ಯೂಲೇ ಲೋಡ್ ಆಗಿರುವುದಿಲ್ಲ. ಮೊದಲು ಸೆಟ್ ಬಳಸಿ ರೂಟ್ ಮತ್ತು ಪ್ರಿಫಿಕ್ಸ್ ಎರಡಕ್ಕೂ ಸರಿಯಾದ ಬೆಲೆ ಕೊಟ್ಟು, ಇನ್ಸ್‌ಮಾಡ್ ನಾರ್ಮಲ್ ಎಂದು ಕರೆದು, ಆಮೇಲೆ ನಾರ್ಮಲ್ ಎನ್ನಬೇಕು. ಎಂಬಿಆರ್ ಡಿಸ್ಕುಗಳಲ್ಲಿ ಇದು ಹೆಚ್ಚು. ಅಲ್ಲಿ ನಡುವಿನ ಒಂದು ಲಾಜಿಕಲ್ ಪಾರ್ಟಿಷನ್ ಅಳಿಸಿದರೆ ಅದರ ಮುಂದಿನವುಗಳ ನಂಬರುಗಳೆಲ್ಲ ಒಂದೊಂದು ಕಡಿಮೆಯಾಗುತ್ತವೆ. ಗ್ರಬ್ಬು ಹಳೇ ನಂಬರನ್ನೇ ಹಿಡಿದುಕೊಂಡು ಕೂತಿರುತ್ತದೆ.

ಜಿಪಿಟಿಯಲ್ಲಿ ಈ ಸಮಸ್ಯೆ ಬರುವುದು ಬೇರೆ ಕಾರಣಕ್ಕೆ. ಇಎಫ್‌ಐ ಪಾರ್ಟಿಷನ್ನಿನ ಉಬುಂಟು ಫೋಲ್ಡರಿನಲ್ಲಿ ಒಂದು ಪುಟ್ಟ ಕಾನ್ಫಿಗ್ ಫೈಲು ಇರುತ್ತದೆ. ಅದರಲ್ಲಿ ರೂಟ್ ಫೈಲ್ ಸಿಸ್ಟಮ್ಮಿನ ಯುಯುಐಡಿ ಬರೆದಿರುತ್ತದೆ. ಬರೀ ರೀಸೈಜ್ ಮಾಡಿದರೆ ಯುಯುಐಡಿ ಬದಲಾಗುವುದಿಲ್ಲ. ಹೊಸದಾಗಿ ಫಾರ್ಮ್ಯಾಟ್ ಮಾಡಿ ಫೈಲುಗಳನ್ನು ಕಾಪಿ ಮಾಡಿಕೊಂಡಿದ್ದರೆ ಬದಲಾಗಿರುತ್ತದೆ.

ಒಂದು ಸಲ ಬೂಟ್ ಆದ ಮೇಲೆ ಟರ್ಮಿನಲ್ಲಿನಲ್ಲಿ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್ ಎರಡನ್ನೂ ಓಡಿಸಬೇಕು. ಇಲ್ಲವಾದರೆ ಮತ್ತೆ ರೀಸ್ಟಾರ್ಟ್ ಮಾಡಿದಾಗ ಅದೇ ಕಪ್ಪು ಪರದೆ. ಪ್ರಾಂಪ್ಟಿನಿಂದ ಬೂಟ್ ಆಗದಿದ್ದರೆ ಲೈವ್ ಪೆನ್‌ಡ್ರೈವಿನಿಂದ ರೂಟ್ ಪಾರ್ಟಿಷನ್ನನ್ನು ಎಂಎನ್‌ಟಿ ಫೋಲ್ಡರಿಗೆ ಮೌಂಟ್ ಮಾಡಿ, ಇಎಫ್‌ಐ ಪಾರ್ಟಿಷನ್ನನ್ನು ಅದರೊಳಗಿನ ಬೂಟ್ ಇಎಫ್‌ಐಗೆ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ, ಸಿಎಚ್‌ರೂಟ್ ಆಗಿ ಒಳಗೆ ಹೋಗಿ ಅದೇ ಎರಡು ಕಮಾಂಡ್ ಕೊಡಬೇಕು. ಬೂಟ್ ರಿಪೇರ್ ಎಂಬ ಟೂಲು ಇದನ್ನೆಲ್ಲ ಒಂದೇ ಬಟನ್ನಿನಲ್ಲಿ ಮಾಡುತ್ತದೆ, ನಿಜ. ಆದರೆ ಒಂದು ಸಲವಾದರೂ ಕೈಯಾರೆ ಮಾಡಿ ನೋಡಿ. ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನ ಒಂದು ಯೂನಿಟ್ಟು ಪುಕ್ಕಟೆ ಅರ್ಥವಾಗುತ್ತದೆ.

ವಿಂಡೋಸ್ ಏಳದಿದ್ದರೆ

ವಿಂಡೋಸಿನ ವಿಷಯಕ್ಕೆ ಕೈ ಹಾಕುವ ಮೊದಲು ಫೋನಿನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ಬಿಟ್‌ಲಾಕರ್ ರಿಕವರಿ ಕೀ ಇದೆಯಾ ನೋಡಿ. 48 ಅಂಕಿಗಳ ಕೀ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿಯೇ ಆನ್ ಆಗಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಸೆಕ್ಯೂರ್ ಬೂಟ್ ಬದಲಿಸಿದರೂ ಸಾಕು, ಅದು ಕೀ ಕೇಳಬಹುದು. ಕೀ ಇಲ್ಲದಿದ್ದರೆ ಒಳಗಿನ ಡೇಟಾ ಯಾರಿಂದಲೂ ಆಗದು. ಕಾಲೇಜಿನ ಖಾತೆಯಿಂದ ಲಾಗಿನ್ ಆಗಿದ್ದರೆ ಕೀ ಆ ಖಾತೆಯಲ್ಲಿ ಇರಬಹುದು, ಅಲ್ಲೂ ಹುಡುಕಿ.

ನೀಲಿ ಪರದೆಯಲ್ಲಿ 0ಎಕ್ಸ್‌ಸಿ000000ಇ ತರಹದ ಕೋಡ್ ಬಂದರೆ, ಬೂಟ್ ಮ್ಯಾನೇಜರ್ ಎದ್ದಿದೆ, ಅದರ ಪಟ್ಟಿಯಲ್ಲಿರುವ ಡಿವೈಸು ಸಿಗುತ್ತಿಲ್ಲ ಎಂದರ್ಥ. ಇಲ್ಲಿ ವಿಡಿಯೋಗಳು ಹೇಳಿಕೊಡುವುದು ಬೂಟ್‌ರೆಕ್ ಎಂಬ ಕಮಾಂಡಿನ ಮೂರ್ನಾಲ್ಕು ರೂಪಗಳನ್ನು. ಅದರಲ್ಲಿ ಫಿಕ್ಸ್‌ಎಂಬಿಆರ್ ಹಳೇ ಪದ್ಧತಿಯದು, ಜಿಪಿಟಿ ಡಿಸ್ಕಿನ ಬೂಟಿಗೆ ಅದರಿಂದ ಏನೂ ಆಗದು. ಫಿಕ್ಸ್‌ಬೂಟ್ ಎಷ್ಟೋ ಸಲ "ಆಕ್ಸೆಸ್ ಡಿನೈಡ್" ಅಂತ ಮುಖ ತಿರುಗಿಸುತ್ತದೆ. ಅದರ ಹಿಂದೆ ರಾತ್ರಿಯೆಲ್ಲ ಕೂರಬೇಡಿ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಡಿಸ್ಕ್‌ಪಾರ್ಟಿನಲ್ಲಿ ವಾಲ್ಯೂಮುಗಳ ಪಟ್ಟಿ ನೋಡಿ, ಫ್ಯಾಟ್32 ಇರುವ ಸಣ್ಣ ವಾಲ್ಯೂಮಿಗೆ ಎಸ್ ಎಂಬ ಅಕ್ಷರ ಕೊಡಿ. ಸಾಮಾನ್ಯವಾಗಿ ಅದು ಕೆಲವು ನೂರು ಎಂಬಿ ಇರುತ್ತದೆ, ಪೆನ್‌ಡ್ರೈವೂ ಫ್ಯಾಟ್32 ಆಗಿರಬಹುದು, ಗಾತ್ರ ನೋಡಿ ಆರಿಸಿ. ಹೊರಗೆ ಬಂದು ಬಿಸಿಡಿಬೂಟ್ ಕಮಾಂಡಿಗೆ ವಿಂಡೋಸ್ ಫೋಲ್ಡರಿನ ದಾರಿ, ಸ್ಲ್ಯಾಶ್ ಎಸ್ ಎಂದು ಆ ಅಕ್ಷರ, ಸ್ಲ್ಯಾಶ್ ಎಫ್ ಎಂದು ಯುಇಎಫ್‌ಐ ಕೊಟ್ಟರೆ ಬೂಟ್ ಫೈಲುಗಳು ಹೊಸದಾಗಿ ಬಂದು ಕೂರುತ್ತವೆ. ಈ ಪರಿಸರದಲ್ಲಿ ಸಿ ಡ್ರೈವ್ ಸಿ ಆಗೇ ಇರುತ್ತದೆ ಅಂತೇನಿಲ್ಲ, ಡಿ ಆಗಿರಬಹುದು. ಡೈರೆಕ್ಟರಿ ನೋಡಿಕೊಂಡೇ ಅಕ್ಷರ ಬರೆಯಿರಿ.

ಪಾರ್ಟಿಷನ್ನೇ ಕಾಣೆಯಾದರೆ

ಪಟ್ಟಿಯಲ್ಲಿ ಪಾರ್ಟಿಷನ್ ಇದ್ದ ಕಡೆ ಬರೀ ಖಾಲಿ ಜಾಗ ತೋರಿಸಿದರೆ ಟೆಸ್ಟ್‌ಡಿಸ್ಕ್ ಇದೆ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಉಚಿತ, ಮುಕ್ತ ತಂತ್ರಾಂಶ. ಅದು ಪಹಣಿಯನ್ನು ನಂಬುವುದಿಲ್ಲ. ಡಿಸ್ಕಿನ ಉದ್ದಕ್ಕೂ ಫೈಲ್ ಸಿಸ್ಟಮ್ಮುಗಳ ಗುರುತು ಹುಡುಕಿಕೊಂಡು ಹೋಗುತ್ತದೆ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಒಂದು ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯಲ್ಲಿ ಇಟ್ಟಿರುತ್ತದೆ, ಇಎಕ್ಸ್‌ಟಿ4 ಸೂಪರ್‌ಬ್ಲಾಕಿನ ಪ್ರತಿಗಳನ್ನು ಅಲ್ಲಲ್ಲಿ ಚೆಲ್ಲಿರುತ್ತದೆ. ಅವುಗಳಿಂದ ಹಳೆಯ ಬದುಗಳನ್ನು ಲೆಕ್ಕ ಹಾಕುತ್ತದೆ. ಕ್ವಿಕ್ ಸರ್ಚ್ ಮುಗಿದ ಮೇಲೆ ಸಿಕ್ಕ ಪಾರ್ಟಿಷನ್ನಿನ ಮೇಲೆ ಪಿ ಒತ್ತಿದರೆ ಒಳಗಿನ ಫೈಲುಗಳ ಹೆಸರು ಕಾಣುತ್ತವೆ. ನಿಮ್ಮ ಫೋಲ್ಡರುಗಳು ಕಂಡರೆ ಮಾತ್ರ ರೈಟ್ ಒತ್ತಿ. ಹೆಸರುಗಳು ಕಲಸುಮೇಲೋಗರ ಆಗಿದ್ದರೆ ಅದು ಸರಿಯಾದ ಬದು ಅಲ್ಲ. ರೈಟ್ ಮಾಡದೆಯೇ ಅಲ್ಲಿಂದ ಫೈಲುಗಳನ್ನು ಹೊರಗೆ ಕಾಪಿ ಮಾಡಿಕೊಳ್ಳುವ ಅವಕಾಶವೂ ಇದೆ. ನಮಗೆ ಅದೇ ಹೆಚ್ಚು ಇಷ್ಟ.

ಒಂದು ಸಂದರ್ಭ ಮಾತ್ರ ನಿಜಕ್ಕೂ ಕೆಟ್ಟದ್ದು. ಪಾರ್ಟಿಷನ್ನಿನ ಕೊನೆ ಬದಲಿಸುವುದು ಬೇರೆ, ಆರಂಭ ಬದಲಿಸುವುದು ಬೇರೆ. ಎಡಗಡೆಗೆ ಹಿಗ್ಗಿಸಬೇಕೆಂದರೆ ಒಳಗಿನ ಡೇಟಾವನ್ನೆಲ್ಲ ಎತ್ತಿ ಮುಂದಕ್ಕೆ ಇಡಬೇಕು, ಗಂಟೆಗಟ್ಟಲೆ ಕೆಲಸ. ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಸತ್ತರೆ ಅರ್ಧ ತೋಟ ಹೊಸ ಜಾಗದಲ್ಲಿ, ಅರ್ಧ ಹಳೇ ಜಾಗದಲ್ಲಿ. ಅಂಥದ್ದು ಬಂದರೆ ಮೇಲಿನ ಯಾವ ಕಮಾಂಡನ್ನೂ ಕೊಡಬೇಡಿ. ಇಡೀ ಡಿಸ್ಕಿನ ಇಮೇಜನ್ನು ಇನ್ನೊಂದು ಡಿಸ್ಕಿಗೆ ಡಿಡಿರೆಸ್ಕ್ಯೂ ಬಳಸಿ ತೆಗೆದುಕೊಂಡು, ಆ ಪ್ರತಿಯ ಮೇಲೆ ಫೋಟೋರೆಕ್ ಓಡಿಸಿ ಸಿಕ್ಕಷ್ಟು ಹೆಕ್ಕಿಕೊಳ್ಳಬೇಕು. ಫೈಲುಗಳ ಹೆಸರು ಸಿಗುವುದಿಲ್ಲ, ದೊಡ್ಡ ಫೈಲುಗಳು ತುಂಡಾಗಿರಬಹುದು.

ಮುಂದೆ ಎಂದಾದರೂ ರೀಸೈಜ್ ಮಾಡುವವರು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ ಅರ್ಧ ನಿದ್ದೆಯಲ್ಲಿ ಇರುತ್ತದೆ. ಸಿ ಡ್ರೈವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸಿ, ಇಎಕ್ಸ್‌ಟಿ4 ಅನ್ನು ಲೈವ್ ಪೆನ್‌ಡ್ರೈವಿನ ಜಿಪಾರ್ಟೆಡ್‌ನಿಂದ. ಚಾರ್ಜರ್ ಹಾಕಿರಲಿ. ಮತ್ತೆ ಎಸ್‌ಜಿಡಿಸ್ಕ್ ಎಂಬ ಟೂಲಿಗೆ ಬ್ಯಾಕಪ್ ಎಂದು ಹೇಳಿದರೆ ಜಿಪಿಟಿ ಪಹಣಿಯ ಪೂರ್ತಿ ನಕಲು ಒಂದು ಫೈಲಿನಲ್ಲಿ ಬರುತ್ತದೆ, 20 ಕೆಬಿಯೂ ಇರುವುದಿಲ್ಲ. ಅದನ್ನು ಅದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಬೇಡಿ, ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ.